ಯೇಸು ಹುಟ್ಟಿದ ಕತೆಯ ಮ್ಯೂಸಿಕಲ್ ಸಿನಿಮಾ ಮಕ್ಕಳ ಜೊತೆ ನೋಡಬಹುದಾ?

ನೀವು ಕೇಳಿರುವುದು ಎರಡು ಪ್ರಶ್ನೆ. 2023ರ ‘ಜರ್ನಿ ಟು ಬೆತ್ಲೆಹೆಮ್’ ಸಿನಿಮಾವನ್ನು ಆರು ಮತ್ತು ಹತ್ತು ವರ್ಷದ ಮಕ್ಕಳ ಜೊತೆ ಕೂತು ನೋಡಬಹುದಾ ಅನ್ನುವುದು ಒಂದು. ನೀವು ಕ್ರೈಸ್ತರಲ್ಲ, ಹಾಗಾಗಿ ಅದರಲ್ಲಿ ಬರುವುದೆಲ್ಲ ಬೈಬಲ್‌ನಲ್ಲಿ ಇದೆಯಾ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ, ಧಾರಾಳವಾಗಿ ನೋಡಿ. ಎರಡನೆಯದಕ್ಕೆ, ಇಲ್ಲ, ಸಾಕಷ್ಟು ಸೇರಿಸಿದ್ದಾರೆ. ಸೇರಿಸಿದ್ದರಲ್ಲಿ ಕೆಲವು ನನಗೆ ಬಹಳ ಇಷ್ಟವಾಯಿತು, ಕೆಲವು ಸುಮ್ನೆ ತುರುಕಿದ ಹಾಗಿದೆ.

ನಾನು ಮಂಗಳೂರಿನ ಕ್ಯಾಥೊಲಿಕ್. ಡಿಸೆಂಬರ್‌ನಲ್ಲಿ ಮನೆಮನೆಯಲ್ಲೂ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಊರು ನಮ್ಮದು. ದೇವರ ಕತೆಗೆ ಹಾಡು ಕುಣಿತ ಯಾಕೆ ಅಂತ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಬೈಬಲ್‌ನಲ್ಲಿ ಯೇಸುವಿನ ಬದುಕು ಹೇಳುವ ನಾಲ್ಕು ಪುಸ್ತಕಗಳಿಗೆ ಶುಭಸಂದೇಶ ಅನ್ನುತ್ತೇವೆ, ಅದರಲ್ಲಿ ಲೂಕನದರ ಮೊದಲ ಎರಡು ಅಧ್ಯಾಯ ತೆಗೆದು ಓದಿ. ಯೇಸುವಿನ ತಾಯಿ ಮರಿಯಳ ಸ್ತುತಿಗೀತೆ ಇದೆ. ಮುದಿ ಯಾಜಕ ಜಕರೀಯನದೂ ಇದೆ. ಕುರುಬರ ಮುಂದೆ ದೇವದೂತರ ದಂಡೇ ದೇವರನ್ನು ಕೊಂಡಾಡುತ್ತದೆ. ದೇವಾಲಯದಲ್ಲಿ ಸಿಮೆಯೋನ ಎಂಬ ಭಕ್ತ ಮಗುವನ್ನು ಎತ್ತಿಕೊಂಡು ಇನ್ನೊಂದು ಸ್ತುತಿ ಹೇಳುತ್ತಾನೆ. ಈ ಕತೆ ಮೊದಲಿನಿಂದಲೂ ಹಾಡಿನ ಕತೆಯೇ ಅಲ್ವಾ?

ಸಿನಿಮಾದ ನಿರ್ದೇಶಕ ಆಡಮ್ ಆಂಡರ್ಸ್ ಮೂಲತಃ ಸಂಗೀತದವರು. ಅಮೆರಿಕದ ‘ಗ್ಲೀ’ ಧಾರಾವಾಹಿಗೆ ಸಂಗೀತ ಮಾಡಿಕೊಟ್ಟವರು. ಅದಕ್ಕೇ ಹಾಡುಗಳು ಚರ್ಚಿನ ಭಜನೆಯಂತಿಲ್ಲ, ಪಾಪ್ ಹಾಡುಗಳಂತಿವೆ. ಶೂಟಿಂಗ್ ಮಾಡಿದ್ದು ಸ್ಪೇನ್‌ನಲ್ಲಿ. ಫಿಯೋನಾ ಪಲೋಮೊ ಮರಿಯ, ಮೈಲೊ ಮ್ಯಾನ್‌ಹೈಮ್ ಅವಳನ್ನು ಮದುವೆಯಾಗುವ ಜೋಸೆಫ್, ಆಂಟೋನಿಯೊ ಬಂಡೇರಾಸ್ ರಾಜ ಹೆರೋದ.

ನನಗೆ ಜಾಸ್ತಿ ಹಿಡಿಸಿದ್ದು ಜೋಸೆಫನ ಭಾಗ. ನಾಲ್ಕು ಶುಭಸಂದೇಶ ಹುಡುಕಿದರೂ ಜೋಸೆಫನ ಬಾಯಿಂದ ಬಂದ ಒಂದು ಮಾತೂ ಸಿಗುವುದಿಲ್ಲ. ನಿಶ್ಚಯವಾದ ಹುಡುಗಿ ಗರ್ಭಿಣಿ ಅಂತ ಗೊತ್ತಾಯಿತು, ಅವಳ ಮಾನ ಕಳೆಯಲು ಮನಸ್ಸಿಲ್ಲದೆ ಗುಟ್ಟಾಗಿ ಬಿಟ್ಟುಬಿಡೋಣ ಅಂದುಕೊಂಡ, ಆಮೇಲೆ ಅವಳನ್ನು ಮದುವೆಯಾಗಲು ಹೆದರಬೇಡ ಅಂತ ದೇವದೂತ ಹೇಳುವ ಕನಸು ಬಿತ್ತು. ತನ್ನ ಶುಭಸಂದೇಶದಲ್ಲಿ ಮತ್ತಾಯ ಬರೆದಿರುವುದು ಅಷ್ಟೇ. ಸುದ್ದಿ ಕೇಳಿದಾಗಿನಿಂದ ಕನಸು ಬೀಳುವ ತನಕ ಆ ಮನುಷ್ಯ ಎಷ್ಟು ಒದ್ದಾಡಿರಬೇಕು! ಸಿನಿಮಾ ಆ ಒದ್ದಾಟವನ್ನೇ ಒಂದು ಹಾಡು ಮಾಡಿದೆ. ಇಬ್ಬರು ಜೋಸೆಫರು ಎದುರುಬದುರಾಗುತ್ತಾರೆ. ಒಬ್ಬನಿಗೆ ಮೋಸ ಹೋದ ಸಿಟ್ಟು, ಇನ್ನೊಬ್ಬನಿಗೆ ಅವಳ ಮೇಲಿನ ಮಮತೆ. ಇಬ್ಬರೂ ಹಾಡುತ್ತಾ ಕಾದಾಡುತ್ತಾರೆ. ಬೈಬಲ್‌ನಲ್ಲಿ ಇಲ್ಲದ ದೃಶ್ಯ, ಆದರೆ ಬೈಬಲ್ ಬಿಟ್ಟ ಜಾಗದಲ್ಲಿ ಸರಿಯಾಗಿ ಕೂತಿದೆ. ನಿಮ್ಮ ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಚಿಕ್ಕದಕ್ಕೆ ಫೈಟ್ ಅಂತ ಖುಷಿಯಾಗುತ್ತದೆ.

ಚಿಕ್ಕ ಮಕ್ಕಳು ನಗುವುದು, ಯೇಸು ಹುಟ್ಟುವ ಸುದ್ದಿಯನ್ನು ಮರಿಯಳಿಗೆ ಹೇಳಲು ಗಬ್ರಿಯೇಲ ದೂತ ಬಂದಾಗ. ಹೇಳಬೇಕಾದ ಮಾತನ್ನು ತನ್ನಷ್ಟಕ್ಕೇ ಪ್ರಾಕ್ಟೀಸ್ ಮಾಡುತ್ತಾ ಬರುವ ದೂತನ ತಲೆ ಬಾಗಿಲಿಗೆ ಬಡಿಯುತ್ತದೆ. ನನ್ನ ಮಗಳು ಅದನ್ನು ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದಳು.

ಇಷ್ಟವಾಗದ್ದು ಶುರುವಿನ ಸಂತೆ ದೃಶ್ಯ. ಮರಿಯ ಮತ್ತು ಜೋಸೆಫ್ ಒಬ್ಬರಿಗೊಬ್ಬರು ಯಾರೆಂದು ಗೊತ್ತಿಲ್ಲದೆ ಅಲ್ಲಿ ಭೇಟಿಯಾಗುತ್ತಾರೆ, ಮದುವೆ ಗೊತ್ತಾಗಿರುವುದು ತಮ್ಮಿಬ್ಬರಿಗೇ ಅಂತ ಆಮೇಲೆ ತಿಳಿಯುತ್ತದೆ. ನಮ್ಮ ಸಿನಿಮಾಗಳಲ್ಲಿ ನೂರು ಸಲ ನೋಡಿದ್ದೇ.

ಹೆರೋದನ ವಿಷಯದಲ್ಲಿ ಸ್ವಲ್ಪ ನೋಡಿಕೊಳ್ಳಿ. ಬಂಡೇರಾಸ್ ಎಲ್ಲವೂ ತನ್ನದೇ ಎಂದು ಗತ್ತಿನಿಂದ ಹಾಡುವಾಗ ಮಜಾ ಬರುತ್ತದೆ. ಆದರೆ ಬೆತ್ಲೆಹೆಮ್‌ನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ ರಾಜ ಅಂತ ಮತ್ತಾಯ ಹೇಳುವುದು ಇವನನ್ನೇ. ಸಿನಿಮಾಕ್ಕೆ ಅಮೆರಿಕದಲ್ಲಿ ಪಿಜಿ, ಅಂದರೆ ಅಪ್ಪ ಅಮ್ಮ ಸ್ವಲ್ಪ ಗಮನ ಇಡಿ ಎನ್ನುವ ಸರ್ಟಿಫಿಕೇಟ್ ಸಿಕ್ಕಿದೆ, ಮಕ್ಕಳು ಹೆದರಿ ಎದ್ದು ಹೋಗುವಂಥದ್ದು ಏನಿಲ್ಲ. ಆದರೂ ಹೆರೋದನ ಸೈನಿಕರು ಮರಿಯಳನ್ನು ಯಾಕೆ ಹುಡುಕುತ್ತಿದ್ದಾರೆ ಅಂತ ಚಿಕ್ಕವರು ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. ಆ ಸೈನಿಕರ ಮುಂದಾಳಾಗಿ ಬರುವ ಅಂತಿಪಾತರ ನಿಜವಾಗಿ ಹೆರೋದನ ಮಗ. ಆದರೆ ಯೇಸುವಿನ ಜನನದ ಕತೆಯಲ್ಲಿ ಬೈಬಲ್ ಅವನ ಹೆಸರೆತ್ತುವುದಿಲ್ಲ. ಇತಿಹಾಸದಲ್ಲಿ ಹೆರೋದ ತಾನು ಸಾಯುವ ಕೆಲವೇ ದಿನ ಮೊದಲು ಈ ಮಗನನ್ನು ಕೊಲ್ಲಿಸಿದ.

ಮಗು ಯೇಸುವನ್ನು ನೋಡಲು ಕಾಣಿಕೆ ತರುವ ಮೂವರು ರಾಜರನ್ನು ಇಲ್ಲಿ ಕಾಮಿಡಿಗೆ ಇಟ್ಟಿದ್ದಾರೆ. ಬೈಬಲ್‌ನಲ್ಲಿ ಅವರು ರಾಜರಲ್ಲ, ಮೂಡಣದಿಂದ ಬಂದ ಜೋಯಿಸರು. ಮೂವರು ಅಂತಲೂ ಎಲ್ಲೂ ಇಲ್ಲ. ಚಿನ್ನ, ಧೂಪ, ರಕ್ತಬೋಳ (ಸುವಾಸನೆಯ ಮರದಂಟು) ಎಂಬ ಮೂರು ಕಾಣಿಕೆ ನೋಡಿ ಜನ ಮೂವರು ಅಂದುಕೊಂಡರು. ಮರಿಯ ಕೂತು ಹೋಗುವ ಕತ್ತೆಯೂ ಅಷ್ಟೇ, ಶುಭಸಂದೇಶದಲ್ಲಿ ಇಲ್ಲ. ನಮ್ಮ ಗೋದಲಿಯಲ್ಲಿ ಮಾತ್ರ ಕತ್ತೆ ಇರಲೇಬೇಕು, ಅದು ಬೇರೆ ಮಾತು.

ಒಂದೇ ತೊಡಕು ಭಾಷೆಯದು. ಇಂಗ್ಲಿಷ್ ಹಾಡುಗಳು ವೇಗವಾಗಿ ಓಡುತ್ತವೆ. ಸಬ್‌ಟೈಟಲ್ ಹಾಕಿಕೊಳ್ಳಿ. ಚಿಕ್ಕ ಮಗುವಿಗೆ ಕತೆಯನ್ನು ಹಿಂದಿನ ದಿನವೇ ಕನ್ನಡದಲ್ಲಿ ಹೇಳಿಟ್ಟರೆ ಇನ್ನೂ ಒಳ್ಳೆಯದು. ಅಷ್ಟು ಹೊತ್ತು ಕೂರಲ್ಲ ಅನ್ನಿಸಿದರೆ 2017ರ ‘ದಿ ಸ್ಟಾರ್’ ಹಾಕಿ. ಅದು ಕಾರ್ಟೂನ್, ಕತ್ತೆಯೇ ಹೀರೋ. 2006ರ ‘ದಿ ನೇಟಿವಿಟಿ ಸ್ಟೋರಿ’ ಹೆಚ್ಚು ಗಂಭೀರ, ದೊಡ್ಡ ಮಗು ಹೈಸ್ಕೂಲಿಗೆ ಬಂದ ಮೇಲೆ ನೋಡಿದರೆ ಸಾಕು.