ಹೈಸ್ಕೂಲ್ ಸಾಫ್ಟ್‌ಬಾಲ್‌ನಲ್ಲಿ 9 ಸಿಗದಿದ್ದರೆ ಮಗಳಿಗೆ 09 ಹಾಕಿಸಬಹುದಾ?

ಬೇಡ, ಆ ದಾರಿಗೇ ಹೋಗಬೇಡಿ. ಕ್ಲಬ್ಬಿನಲ್ಲಿ 9 ಹಾಕಿಕೊಂಡೇ ಆಡಿದವಳು, ಸ್ಕೂಲಿನಲ್ಲಿ ಆ ನಂಬರ್ ಸೀನಿಯರ್ ಹುಡುಗಿಯ ಹತ್ತಿರ ಇದೆ, ಅಳುತ್ತಿದ್ದಾಳೆ ಅಂತ ಬರೆದಿದ್ದೀರಿ. ಕ್ಯಾಲಿಫೋರ್ನಿಯಾದ ನಮ್ಮ ಮನೆಯಲ್ಲೂ ಇದೇ ಗಲಾಟೆ ಆಗಿತ್ತು, ನಂಬರ್ ಮಾತ್ರ 8.

ನಮ್ಮವಳಿಗೆ 8 ಸಿಕ್ಕಿತು. ಆದರೆ ಸ್ಕೂಲು ಕೊಟ್ಟ ಜರ್ಸಿ ಜೋಲುತ್ತಿತ್ತು ಅಂತ ನಾನು ಅದೇ ಬಣ್ಣದ್ದು ಹೊರಗಡೆ ಮಾಡಿಸಿದೆ. ಹೆಸರು ದೊಡ್ಡದಾಗಿ ಕಾಣಲಿ ಅಂತ ಕೆಳಗಿನ ನಂಬರನ್ನು 4 ಇಂಚಿಗೆ ಇಳಿಸಿದೆ. ಎಡವಿದ್ದು ಅಲ್ಲೇ. ಹೈಸ್ಕೂಲ್ ಆಟಗಳ ನಿಯಮ ಬರೆಯುವ ಎನ್‌ಎಫ್‌ಎಚ್‌ಎಸ್ ಪ್ರಕಾರ ಬೆನ್ನಿನ ನಂಬರ್ ಕಡಿಮೆ ಅಂದರೂ 6 ಇಂಚು ಎತ್ತರ ಇರಬೇಕು. ಅದು ಸುಮ್ನೆ ಮಾಡಿದ ನಿಯಮ ಅಲ್ಲ. ಹೆಲ್ಮೆಟ್ ಹಾಕಿದ ಮೇಲೆ ಮುಖ ಕಾಣುವುದಿಲ್ಲ, ಕೂದಲೂ ಹೆಚ್ಚುಕಡಿಮೆ ಎಲ್ಲರದೂ ಒಂದೇ ಜಡೆ, ಬೇಲಿಯ ಆಚೆ ಕೂತು ಸ್ಕೋರ್ ಬರೆಯುವವರು ಬೆನ್ನು ನೋಡಿಯೇ ಯಾರು ಅಂತ ಗುರುತಿಸಬೇಕು ಅಲ್ವಾ?

ಪಂದ್ಯದ ಮುಂಚೆ ಕೋಚ್ ಅವಳನ್ನು ತಿರುಗಿಸಿ ನೋಡಿ, ಇದು ನಡೆಯಲ್ಲ ಅಂದರು. ಸ್ಕೂಲಿನ ಜರ್ಸಿ ಮನೆಯಲ್ಲಿತ್ತು. ಚೀಲದ ತಳದಿಂದ ಮುದುಡಿಹೋದ ಒಂದು 27 ತೆಗೆದು ಕೊಟ್ಟರು. ಅಷ್ಟರಲ್ಲಿ ಲೈನಪ್ ಕಾರ್ಡಿನಲ್ಲಿ, ಅಂದರೆ ಆಡುವವರ ಪಟ್ಟಿಯಲ್ಲಿ, ಅವಳ ಹೆಸರಿನ ಮುಂದೆ 8 ಅಂತ ಬರೆದಾಗಿತ್ತು. ಅದನ್ನು ಹೊಡೆದುಹಾಕಿ, ಅಂಪೈರ್‌ಗೂ ಎದುರಿನ ಟೀಮಿಗೂ ಹೇಳುವ ಬದಲು ಕೋಚ್ ಸೆಕೆಂಡ್ ಬೇಸಿಗೆ ಬೇರೆ ಹುಡುಗಿಯನ್ನೇ ಹಾಕಿದರು. ಮಗಳು ಪೂರ್ತಿ ಆಟ ಬೆಂಚಿನ ಮೇಲೆ ಕೂತಳು.

ನಿಮ್ಮ 09ರ ವಿಷಯ. ಅಮೆರಿಕದ ರಾಷ್ಟ್ರೀಯ ಸಾಫ್ಟ್‌ಬಾಲ್ ಸಂಸ್ಥೆ ಯುಎಸ್‌ಎ ಸಾಫ್ಟ್‌ಬಾಲ್‌ನ ನಿಯಮದಲ್ಲಿ 3 ಮತ್ತು 03 ಒಂದೇ ನಂಬರ್ ಅಂತ ಉದಾಹರಣೆ ಕೊಟ್ಟೇ ಬರೆದಿದ್ದಾರೆ. ಒಂದೇ ಟೀಮಿನಲ್ಲಿ ಇಬ್ಬರಿಗೆ ಒಂದೇ ನಂಬರ್ ಹೈಸ್ಕೂಲಿನಲ್ಲೂ ಇಲ್ಲ. 6ರಿಂದ 9ರವರೆಗಿನ ಅಂಕಿ ಇರಲೇಬಾರದು ಅಂತ ನಿಮಗೆ ಯಾರೋ ಹೇಳಿದ್ದಾರಲ್ಲ, ಅದು ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ನಿಯಮ. ಅಲ್ಲಿ ರೆಫರಿ ಫೌಲ್ ಮಾಡಿದವರ ನಂಬರನ್ನು ಬೆರಳಿನಲ್ಲಿ ತೋರಿಸಬೇಕು, ಅದಕ್ಕೇ 5ರವರೆಗಿನ ಅಂಕಿಗಳು ಮಾತ್ರ. ಸಾಫ್ಟ್‌ಬಾಲ್‌ನಲ್ಲಿ 0ಯಿಂದ 99ರವರೆಗೆ ಎಷ್ಟೊಂದು ನಂಬರ್ ಇವೆ!

ಕೋಚ್ ಹತ್ತಿರ ಹೇಗೆ ಕೇಳೋದು ಅಂದಿರಿ. ಕೇಳಲೇಬೇಡಿ. ಜರ್ಸಿ ಸ್ಕೂಲಿನದು, ನಂಬರೂ ಅವರದೇ. ಕೊಟ್ಟಿದ್ದನ್ನು ಅವಳು ಹಾಕಿಕೊಳ್ಳಲಿ, ಸೀನಿಯರ್ ಪಾಸಾಗಿ ಹೋದ ಮೇಲೆ 9 ಬೇಕು ಅಂತ ಅವಳೇ ಕೇಳಲಿ, ನೀವಲ್ಲ. ಅಲ್ಲಿಯವರೆಗೆ ಕಿಟ್ ಬ್ಯಾಗಿನ ಮೇಲೆ ಬೇಕಾದರೆ 9 ಹಾಕಿಸಿಕೊಡಿ.