ಮಗು ಕಳೆದುಕೊಂಡ ಚೀನೀ ಗೆಳತಿಯನ್ನು ನೋಡಲು ಹೋಗುವ ಮುಂಚೆ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಶಾಂಘೈಗೆ ಬಂದು ಇನ್ನೂ ಮನೆ ಜೋಡಿಸಿ ಮುಗಿದಿಲ್ಲ, ಅಷ್ಟರಲ್ಲಿ ಆಫೀಸಿನ ಗೆಳತಿಗೆ ಐದನೇ ತಿಂಗಳಲ್ಲಿ ಮಗು ಹೋಯಿತು, ನೋಡಲು ಹೋಗಬೇಕಾ, ಏನು ಹೇಳಬೇಕು, ಏನು ಒಯ್ಯಬೇಕು ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ದಿನಸಿ. ಬಾಡಿಗೆ ಕರಾರನ್ನು ಚೀನೀ ಓದಲು ಬರುವವರಿಗೆ ತೋರಿಸಿ ಸಹಿ ಮಾಡು. ತೊಗರಿಬೇಳೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ಅಷ್ಟು ಸಾಕು.

ಗೆಳತಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಗರ್ಭಪಾತ ಆದರೂ ಬಾಣಂತನ ಇದೆ. ಷಿಯಾವ್ ಯುಯೆಝ ಅನ್ನುತ್ತಾರೆ. ಎರಡು ವಾರದಿಂದ ಒಂದು ತಿಂಗಳವರೆಗೂ ಮಾಡುತ್ತಾರೆ. ತಣ್ಣೀರು ಮುಟ್ಟಬಾರದು, ಗಾಳಿಗೆ ಮೈ ಒಡ್ಡಬಾರದು, ತಂಪಿನದು ತಿನ್ನಬಾರದು. ನಮ್ಮ ಕಡೆ ಬಾಣಂತಿಯ ಕಿವಿಗೆ ಹತ್ತಿ ಇಟ್ಟು ಮಲಗಿಸುವುದು ನಿನಗೆ ಗೊತ್ತೇ ಇದೆ, ಬಿಡಿಸಿ ಹೇಳುವುದು ಬೇಡ ಅಲ್ವಾ. ರಜೆಯೂ ಇದೆ. 2012ರ ನಿಯಮದಂತೆ 4 ತಿಂಗಳೊಳಗೆ ಆದರೆ 15 ದಿನ, 4 ತಿಂಗಳು ತುಂಬಿದ ಮೇಲಾದರೆ 42 ದಿನ. ಅವಳಿಗೆ 42 ದಿನ ಸಿಗಬೇಕು. ಅವಳ ಕೆಲಸದಲ್ಲಿ ಸ್ವಲ್ಪ ನೀನು ವಹಿಸಿಕೊಂಡರೆ ಅವಳು ಆ ರಜೆ ಪೂರ್ತಿ ತೆಗೆದುಕೊಳ್ಳಬಹುದು. ಯಾವ ಸಮಾಧಾನದ ಮಾತಿಗಿಂತ ಇದು ದೊಡ್ಡದು ಅಂತ ನಾನು ನಂಬಿದ್ದೇನೆ.

ಯಾಕೆ ಅಂದರೆ ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಹೀಗೇ ಆಯಿತು. ಅಮ್ಮ ಸಾಗರದಲ್ಲಿ, ಅವರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಊರಿಂದ ಫೋನು ಬಂದಿದ್ದೇ ಬಂದಿದ್ದು. ಏನು ತಿಂದಿದ್ದೆ, ಭಾರ ಎತ್ತಿದೆಯಾ, ಹೋಗಲಿ ಬಿಡು, ಚಿಕ್ಕ ವಯಸ್ಸು, ಇನ್ನೊಂದಾಗುತ್ತದೆ. ಪ್ರೀತಿಯಿಂದಲೇ ಹೇಳಿದ್ದರು, ಆದರೂ ಒಂದೊಂದು ಮಾತೂ ಚುಚ್ಚುತ್ತಿತ್ತು. ಇಲ್ಲಿಯ ಸಹೋದ್ಯೋಗಿಗಳು ಮಾತ್ರ ಆ ವಿಷಯವನ್ನೇ ಎತ್ತಲಿಲ್ಲ. ಇವರದು ಕಲ್ಲು ಮನಸ್ಸು ಅಂತ ಎಷ್ಟು ಅತ್ತಿದ್ದೆ. ಕೆಳಗಿನ ಮನೆಯ ಆಯಿ (ದೊಡ್ಡ ಹೆಂಗಸರನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಕೋಳಿ ಸೂಪು ತಂದರು. ನಾವು ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ಶುಂಠಿ, ಕೆಂಪು ಖರ್ಜೂರ (ಬೋರೆ ಜಾತಿಯ ಒಣಹಣ್ಣು) ಹಾಕಿದ ಗಂಜಿ ತರತೊಡಗಿದರು. ಬಂದವರೇ ಕಿಟಕಿ ಮುಚ್ಚುವರು, ನನ್ನ ಕೈಯಿಂದ ತಣ್ಣೀರಿನ ಲೋಟ ಕಿತ್ತು ಬಿಸಿನೀರು ಕೊಡುವರು, ಹೊರಟುಬಿಡುವರು. ಮಗುವಿನ ಬಗ್ಗೆ ಒಂದು ಮಾತಿಲ್ಲ. ಸಹೋದ್ಯೋಗಿಗಳು ನನ್ನ ಕೆಲಸವನ್ನೆಲ್ಲ ಸದ್ದಿಲ್ಲದೆ ಹಂಚಿಕೊಂಡಿದ್ದರು ಅಂತ ತಿಳಿದದ್ದು ತುಂಬಾ ತಡವಾಗಿ. ಅಮ್ಮ ಒಂದು ವಾರವಾದರೂ ಪಕ್ಕದಲ್ಲಿ ಇರಬೇಕಿತ್ತು ಅನ್ನುವ ನೋವು ಮಾತ್ರ ಇವತ್ತಿಗೂ ಹೋಗಿಲ್ಲ.

ಅದಕ್ಕೇ ಹೇಳುವುದು, ಮಾತು ಕಡಿಮೆ ಇರಲಿ. ವೀಚಾಟ್‌ನಲ್ಲಿ ಅವಳಿಗೆ ಮಾತ್ರ ಬರೆ, ಗುಂಪಿನಲ್ಲಿ ಬೇಡ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನೇ ಹೊರಗೆ ಹೇಳದ ಮನೆಗಳು ಇಲ್ಲಿ ಬಹಳ, ಕಳೆದುಕೊಂಡದ್ದನ್ನು ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ. ‘ಹಾವ್‌ಹಾವ್ ಷಿಯೂಷಿ’, ಚೆನ್ನಾಗಿ ವಿಶ್ರಾಂತಿ ತೆಗೆದುಕೋ ಅಂತ ಬರೆದು, ಉತ್ತರ ಬರೆಯಬೇಕಾಗಿಲ್ಲ ಅಂತಲೂ ಸೇರಿಸು. ಕಾರಣ ಕೇಳಬೇಡ. ದೇವರ ಇಚ್ಛೆ, ಕರ್ಮ ಅನ್ನಬೇಡ. ಮನೆಯ ಹಿರಿಯರು ಆಗಲೇ ಅವಳದೇ ತಪ್ಪು ಅಂದಿರಲೂಬಹುದು. ಎಲ್ಲರೂ ಒಂದೇ ಥರ ಅಂತಲೂ ಅಲ್ಲ. ಈಗಿನವರಲ್ಲಿ ಮಗುವಿನ ಬಗ್ಗೆ ಮಾತಾಡಬೇಕು ಅನ್ನುವವರಿದ್ದಾರೆ. ಅವಳಾಗಿ ಎತ್ತಿದರೆ ಕೂತು ಕೇಳು, ಅತ್ತರೆ ಅಳಲಿ.

ಒಯ್ಯುವುದಕ್ಕೆ ಕೆಂಪು ಖರ್ಜೂರ, ಕೆಂಪು ಸಕ್ಕರೆ ಒಳ್ಳೆಯದು. ಆ ಸಕ್ಕರೆ ನಮ್ಮ ಬೆಲ್ಲದ ಹಾಗೇ ಇರುತ್ತದೆ. ಬಿಳಿ, ಹಳದಿ ಸೇವಂತಿಗೆ ಬೇಡವೇ ಬೇಡ, ಅದು ಸಾವಿನ ಮನೆಯ ಹೂವು. ಗಡಿಯಾರ, ಪೇರ್ ಹಣ್ಣು ಕೂಡ ಬೇಡ, ಇಲ್ಲಿ ಅವೂ ಅಪಶಕುನ. ದುಡ್ಡಿನ ಕವರು ಹತ್ತಿರದ ನೆಂಟರಿಗೆ ಬಿಡು. ಪುಟ್ಟ ಮಗಳನ್ನು ಕರೆದುಕೊಂಡು ಹೋಗಬೇಡ.

ಹೋಗಲೇಬೇಕು ಅನ್ನಿಸಿದರೆ ಮೊದಲು ಅವಳ ಗಂಡನನ್ನು ಕೇಳು. ಈಗ ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡ, ಸಾಮಾನು ಬಾಗಿಲಲ್ಲೇ ಕೊಟ್ಟು ಬಾ. ಒಳಗೆ ಕರೆದರೆ ಅಡುಗೆಮನೆಯಲ್ಲಿರುವ ಅಮ್ಮನನ್ನೋ ಅತ್ತೆಯನ್ನೋ ಮೊದಲು ಆಯಿ ಅಂತ ಮಾತಾಡಿಸು. ಹತ್ತು ನಿಮಿಷ ಕೂತು ಎದ್ದು ಬಾ. ರಜೆ ಮುಗಿಸಿ ಅವಳು ಆಫೀಸಿಗೆ ಬಂದ ದಿನ ಮಧ್ಯಾಹ್ನದ ಊಟಕ್ಕೆ ಜೊತೆಯಲ್ಲಿ ಕೂರು.