ಹಸಿ ಗೋಡೆಯ ಮನೆಗೆ ಬಣ್ಣ ಬಳಿದು ಮಾರಬಹುದೇ?

ಪ್ರಶ್ನೆ: ಮೂಡಿಗೆರೆಯಲ್ಲಿ ನಮ್ಮದು ಅರವತ್ತು ವರ್ಷದ ಹಂಚಿನ ಮನೆ, ಮಣ್ಣಿನ ಗೋಡೆ. ಹತ್ತು ವರ್ಷದ ಹಿಂದೆ ಸಿಮೆಂಟ್ ಗಾರೆ ಮಾಡಿಸಿದೆವು. ಈಗ ಸೊಂಟದೆತ್ತರಕ್ಕೆ ಥಂಡಿ ಏರಿದೆ, ಬಣ್ಣ ಹೊಪ್ಪಳೆ ಏಳುತ್ತಿದೆ. ಹಿಂದಿನ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಬಣ್ಣ ಹೊಡೆಸಿ ಮಾರೋಣವೇ, ಇದ್ದ ಹಾಗೇ ಮಾರೋಣವೇ?

ಉತ್ತರ: ಬಣ್ಣ ಬೇಡ. ಬೇಸಿಗೆಯಲ್ಲಿ ಬಳಿದದ್ದು ಆಷಾಢದ ಮಳೆಗೆ ಎದ್ದು ಬರುತ್ತದೆ. ಜೊತೆಗೆ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ತಿಳಿಸಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ಮುಚ್ಚಿಟ್ಟರೆ ಅದು ವಂಚನೆ.

ಮೊದಲು ನೀರಿನ ದಾರಿ ಹುಡುಕಿ. ನೆಲದಿಂದ ಮೂರಡಿಯೊಳಗೆ ಹಸಿಯಿದ್ದು, ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಕಂಡರೆ ಪಾಯದಿಂದ ಏರಿದ ನೀರು ಎನ್ನಬಹುದು. ಗೋಡೆಯ ತುದಿಯಿಂದ ಕಂದು ಕಲೆ ಇಳಿದಿದ್ದರೆ ಹಂಚನ್ನು ನೋಡಿ. ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಬೆವರಿದರೆ ತೇವ ಗೋಡೆಯೊಳಗಿದೆ. ಮುಂದೆ ಬೆವರಿದರೆ ಅದು ಕೋಣೆಯ ಗಾಳಿಯದು.

ನಿಮ್ಮ ಮನೆಯಲ್ಲಿ ಸಿಮೆಂಟ್ ಗಾರೆಯ ಪಾಲು ದೊಡ್ಡದೇ ಇರಬೇಕು. ಮಣ್ಣಿನ ಗೋಡೆ ಉಸಿರಾಡಿ ಒಣಗುವಂಥದ್ದು. ಸಿಮೆಂಟ್ ಆ ದಾರಿ ಕಟ್ಟಿದಾಗ ನೀರು ಒಳಗೇ ನಿಂತು ಇನ್ನೂ ಮೇಲಕ್ಕೆ ಹತ್ತುತ್ತದೆ. ಹಾಗೆಂದು ಈಗ ಇಡೀ ಗಾರೆ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಬೇಡಿ. ಮಲೆನಾಡಿನಲ್ಲಿ ಹಳೇ ಮನೆ ಕೊಳ್ಳುವವರು ಬಹುಪಾಲು ಜಾಗಕ್ಕೇ ಬೆಲೆ ಕಟ್ಟುತ್ತಾರೆ, ಹಾಕಿದ್ದು ಮರಳುವುದಿಲ್ಲ. ಖರ್ಚು ಮಾಡುವುದಾದರೆ ಇಷ್ಟಕ್ಕೆ ಸಾಕು: ಒಡೆದ ಹಂಚು ಬದಲಿಸಿ, ಸೂರಿನ ನೀರಿಗೆ ತಗಡಿನ ದೋಣಿ ಕಟ್ಟಿಸಿ, ಹೊರಗಿನ ಮಣ್ಣನ್ನು ಒಳಗಿನ ನೆಲಕ್ಕಿಂತ ಕನಿಷ್ಠ ಆರಿಂಚು ತಗ್ಗಿಸಿ, ಗೋಡೆಯಿಂದ ಮೂರಡಿಯವರೆಗೆ ಎರಡಿಂಚು ಇಳಿಜಾರು ಕೊಡಿ. ಹಂಚು ಹೊತ್ತ ಮರದ ರೀಪು, ಪಕಾಸಿಗಳ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಗೆದ್ದಲೋ ಕೊಳೆತವೋ ಇದೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಒಂದು ಮಳೆಗಾಲ ದಾಟಿದರೂ ಅದು ಬೆಳೆಯದಿದ್ದರೆ ಹಳೆಯ ಕುಸಿತ ಎನ್ನಬಹುದು. ಐದು ಮಿಲಿಮೀಟರಿಗಿಂತ ಅಗಲವಿದ್ದರೆ, ಬೆಳೆಯುತ್ತಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರಿಂದ ಲಿಖಿತ ವರದಿ ತೆಗೆದುಕೊಳ್ಳಿ. ಆ ವರದಿಯನ್ನೂ ಥಂಡಿ, ಬಿರುಕಿನ ವಿವರವನ್ನೂ ಕರಾರು ಪತ್ರದಲ್ಲಿ ಸೇರಿಸಿ, ಕೊಳ್ಳುವವರ ಸಹಿ ಹಾಕಿಸಿ. ಬರೀ ‘ಇದ್ದ ಸ್ಥಿತಿಯಲ್ಲಿ’ ಎಂಬ ಸಾಲನ್ನು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಸಕಲೇಶಪುರದಲ್ಲಿ ಇಂಥದೇ ಮನೆ ಮಾರುತ್ತಿದ್ದೇವೆ. ಮುಂಗಡ ಒಂದು ಲಕ್ಷ ನಗದು ಕೊಡುತ್ತೇವೆ ಅನ್ನುತ್ತಾರೆ. ತಗೊಳ್ಳಬಹುದೇ?

ಉತ್ತರ: ಬೇಡ. ಸ್ಥಿರಾಸ್ತಿಯ ಮುಂಗಡ 20,000 ರೂಪಾಯಿ ಅಥವಾ ಹೆಚ್ಚಾದರೆ ನಗದು ಪಡೆಯುವಂತಿಲ್ಲ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರಿಗೆ. ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.